ಕೂದಲೆಳೆಗೂ ಒಂದು ಅಳತೆ

"ಜಸ್ಟ್ ಮಿಸ್ಸು ಮಗಾ!" ನಮ್ಮ ಕ್ಯಾಂಪಸ್‌ನಲ್ಲಿ ವಾರಕ್ಕೆ ನಾಲ್ಕು ಸಲವಾದ್ರೂ ಕಿವಿಗೆ ಬೀಳೋ ಮಾತಿದು. ಮನೆಯಲ್ಲಿ ಅಮ್ಮಂದಿರು ಇದನ್ನೇ "ದೇವರು ದೊಡ್ಡವನು" ಅಂತಾರೆ. ಪತ್ರಿಕೆಯವರು "ಕೂದಲೆಳೆ ಅಂತರದಲ್ಲಿ ಪಾರು" ಅಂತ ಬರೀತಾರೆ. ಹೇಳಿ ಮುಗಿದ ಮೇಲೆ ಎಲ್ಲರೂ ಒಂದು ಟೀ ಕುಡಿದು ಮರೆತುಬಿಡ್ತೀವಿ. ಹೀಗೆ ಮರೆತುಬಿಡೋ ಕ್ಷಣವನ್ನೇ ಹಿಡಿದು ಅಳೆಯುವ ವಿಧಾನ ಒಂದಿದೆ ಅಂತ ನಮಗೆ ಗೊತ್ತಾಗಿದ್ದು ಏಳನೇ ಸೆಮ್ ಪ್ರಾಜೆಕ್ಟಿನಲ್ಲಿ.

ನಾವು ಸಿವಿಲ್‌ನ ನಾಲ್ಕು ಜನ. ಆರಿಸಿಕೊಂಡಿದ್ದು ಕಾಲೇಜು ಗೇಟಿನ ಮುಂದಿನ ರಸ್ತೆ. ಈ ಕಡೆ ಗೇಟು. ಆ ಕಡೆ ಬಸ್ ಸ್ಟಾಪು, ಜೆರಾಕ್ಸ್ ಅಂಗಡಿ, ಟೀ ಅಂಗಡಿ. ಮಧ್ಯೆ ರಾಜ್ಯ ಹೆದ್ದಾರಿ. ಜೀಬ್ರಾ ಪಟ್ಟೆ ಇತ್ತು ಅನ್ನೋದಕ್ಕೆ ಒಂದೆರಡು ಬಿಳಿ ಗುರುತು ಉಳಿದಿವೆ ಅಷ್ಟೇ. ಇದನ್ನ ಓದ್ತಿರೋ ನೀವೆಲ್ಲ ದಿನಾ ಅಲ್ಲೇ ದಾಟೋರು, ಹೆಚ್ಚು ವರ್ಣಿಸಬೇಕಿಲ್ಲ.

ಅಪಘಾತದ ಹಳೇ ಲೆಕ್ಕ ತೆಗೆದು ವಿಶ್ಲೇಷಣೆ ಮಾಡ್ತೀವಿ ಅಂತ ಸಿನಾಪ್ಸಿಸ್ ಕೊಟ್ಟಾಗ ಗೈಡ್ ಸರ್ ಕೇಳಿದ್ರು: "ಲೆಕ್ಕ ಸಿಗಬೇಕಾದ್ರೆ ಮೊದಲು ಯಾರಾದ್ರೂ ಬಿದ್ದಿರಬೇಕಲ್ರಪ್ಪಾ. ಬೀಳೋಕೆ ಮುಂಚೆ ಏನು ಅಳೀತೀರಿ?"

ಈ ಪ್ರಶ್ನೆ ಎಷ್ಟು ದೊಡ್ಡದು ಅಂತ ತಿಳಿಯೋಕೆ 'ಬ್ಲ್ಯಾಕ್ ಸ್ಪಾಟ್' ಎಂಬ ಪದದ ಸರ್ಕಾರಿ ಅರ್ಥ ನೋಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಉದ್ದದ ಒಂದು ಭಾಗ. ಅಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ 5 ಅಪಘಾತಗಳು ನಡೆದಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಆಗ ಅದು ಬ್ಲ್ಯಾಕ್ ಸ್ಪಾಟ್. ಇರೋ ದುಡ್ಡನ್ನ ಮೊದಲು ಎಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನಿಸೋಕೆ ಇಂಥ ಒಂದು ಗೆರೆ ಬೇಕು, ನಿಜ. ಆದರೆ ನಾಲ್ಕೇ ಅಪಘಾತ ಆದ ಜಾಗದ ಗತಿ? ಐದನೆಯವರು ಯಾರು ಅಂತ ಕಾಯ್ತಾ ಕೂರೋದಾ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅಂದರೆ ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ಕಾಯೋದರ ಬೆಲೆ ಇಷ್ಟು.

ಸರ್ ತೋರಿಸಿದ ದಾರಿಯ ಹೆಸರು 'ಟ್ರಾಫಿಕ್ ಕಾನ್‌ಫ್ಲಿಕ್ಟ್ ಟೆಕ್ನಿಕ್'. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ಶುರುವಾದ ಇದನ್ನ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಕ್ರಿಸ್ಟರ್ ಹೈಡನ್ 1980ರ ದಶಕದಲ್ಲಿ ಚೆನ್ನಾಗಿ ಬೆಳೆಸಿದರು. ಅವರು ಇದನ್ನ ಒಂದು ಪಿರಮಿಡ್ ತರಹ ಕಲ್ಪಿಸಿಕೊಂಡರು. ತುದಿಯಲ್ಲಿ ಸಾವು, ಅದರ ಕೆಳಗೆ ಗಾಯ, ಇನ್ನೂ ಕೆಳಗೆ 'ಜಸ್ಟ್ ಮಿಸ್ಸು'ಗಳು, ಬುಡದಲ್ಲಿ ಏನೂ ಆಗದ ಸಾಮಾನ್ಯ ಓಡಾಟ. ತುದಿಯಲ್ಲಿ ಏನಾದರೂ ಆಗೋಕೆ ವರ್ಷಗಟ್ಟಲೆ ಹಿಡಿಯಬಹುದು. ಜಸ್ಟ್ ಮಿಸ್ಸುಗಳು ಮಾತ್ರ ದಿನಾ ಕಣ್ಣೆದುರೇ ಇರ್ತವೆ. ಅವನ್ನ ಎಣಿಸಿದರೆ ಯಾರೂ ಸಾಯದೇನೇ ಜಾಗದ ಅಪಾಯ ಗೊತ್ತಾಗುತ್ತೆ.

ಎಣಿಸೋದು ಹೇಗೆ? ನಾವು ಬಳಸಿದ ಅಳತೆ ಪಿಇಟಿ, ಅಂದರೆ ಪೋಸ್ಟ್ ಎನ್‌ಕ್ರೋಚ್‌ಮೆಂಟ್ ಟೈಮ್. ಹೆಸರು ಗಡುಸು, ವಿಷಯ ಸುಲಭ. ಒಬ್ಬರು ರಸ್ತೆಯ ಒಂದು ಜಾಗ ಬಿಟ್ಟು ಹೋದ ಎಷ್ಟು ಹೊತ್ತಿಗೆ ಗಾಡಿ ಅದೇ ಜಾಗಕ್ಕೆ ಬಂತು? ಸಾಮಾನ್ಯವಾಗಿ 1.5 ಸೆಕೆಂಡಿಗಿಂತ ಕಡಿಮೆ ಇದ್ದರೆ ಗಂಭೀರ ಅಂತ ಲೆಕ್ಕ. ಎರಡನೇ ಮಹಡಿಯ ಕಿಟಕಿಯಲ್ಲಿ ಮೊಬೈಲ್ ಇಟ್ಟು ವಿಡಿಯೋ ತೆಗೆದ್ವಿ. ಸೆಕೆಂಡಿಗೆ 30 ಫ್ರೇಮು. 1.5 ಸೆಕೆಂಡ್ ಅಂದರೆ 45 ಫ್ರೇಮು. ಲ್ಯಾಪ್‌ಟಾಪ್ ಮುಂದೆ ಕೂತು ಒಂದೊಂದೇ ಫ್ರೇಮ್ ಸರಿಸಿ ಎಣಿಸೋದು. ಕೂದಲೆಳೆಯ ಅಳತೆ ಅಂದರೆ ಇಷ್ಟೇ.

ಮೊದಲ ದಿನ ಆಟದ ಹಾಗಿತ್ತು. ಆಮೇಲೆ ಒಂದು ತುಣುಕಿನಲ್ಲಿ ನಮ್ಮ ಮೆಸ್ಸಿನ ಅಕ್ಕ ಕಾಣಿಸಿದ್ರು. ಎರಡೂ ಕೈಯಲ್ಲಿ ತರಕಾರಿ ಚೀಲ. ಬಸ್ಸಿಂದ ಇಳಿದು, ಆ ಬಸ್ಸಿನ ಮುಂದಿನಿಂದಲೇ ದಾಟಿದ್ರು. ಬಸ್ಸು ಅಡ್ಡ ಇದ್ದಿದ್ದರಿಂದ ಹಿಂದಿನಿಂದ ಬಂದ ಕಾರಿಗೆ ಅವರು ಕಾಣಲಿಲ್ಲ, ಅವರಿಗೆ ಕಾರು ಕಾಣಲಿಲ್ಲ. ಎಣಿಸಿದ್ವಿ. ಮೂವತ್ತು ಫ್ರೇಮ್ ಕೂಡ ಇರಲಿಲ್ಲ. ಅಂದರೆ ಒಂದು ಸೆಕೆಂಡಿಗೂ ಕಡಿಮೆ. ನಾಲ್ಕೂ ಜನ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಹೋದಾಗ ಕೇಳಿದ್ವಿ, "ಅಕ್ಕಾ, ಬೆಳಿಗ್ಗೆ ನಿಮ್ಮ ಹಿಂದೇನೇ ಒಂದು ಕಾರು ಹೋಯ್ತಲ್ಲ, ನೋಡಿದ್ರಾ?"

"ಯಾವ್ ಕಾರಪ್ಪಾ? ದಿನಕ್ಕೆ ಎಷ್ಟೋ ಹೋಗ್ತವೆ. ಇನ್ನೊಂದ್ ಚಪಾತಿ ಹಾಕ್ಲಾ?"

ಅವರ ಪಾಲಿಗೆ ಅದು ನಡೆದೇ ಇಲ್ಲ. ಯಾವ ಠಾಣೆಯ ದಾಖಲೆಯಲ್ಲೂ ಇಲ್ಲ. ಇರೋದು ನಮ್ಮ ಎಕ್ಸೆಲ್ ಶೀಟಿನ ಒಂದು ಸಾಲಿನಲ್ಲಿ ಮಾತ್ರ.

ಇಲ್ಲಿ ವೇಗದ ಲೆಕ್ಕವನ್ನೂ ಹೇಳಬೇಕು. ಪಿಯುಸಿಯ ಫಿಸಿಕ್ಸ್ ಸಾಕು, ಎಲ್ಲ ಬ್ರಾಂಚಿನವರಿಗೂ ಅರ್ಥವಾಗುತ್ತೆ. ಚಾಲಕ ನೋಡಿ ಬ್ರೇಕ್ ಒತ್ತೋಕೆ 1.5 ಸೆಕೆಂಡ್, ಒಣ ರಸ್ತೆಯ ಘರ್ಷಣಾಂಕ 0.7 ಅಂತ ಇಟ್ಟುಕೊಳ್ಳಿ. 40 ಕಿ.ಮೀ. ವೇಗದ ಕಾರು ಸುಮಾರು 26 ಮೀಟರಿನಲ್ಲಿ ಪೂರ್ತಿ ನಿಲ್ಲುತ್ತೆ. 60 ಕಿ.ಮೀ. ವೇಗದ ಕಾರು ಚಾಲಕನ ಕಾಲು ಬ್ರೇಕಿಗೆ ಹೋಗೋ ಹೊತ್ತಿಗೇ 25 ಮೀಟರ್ ದಾಟಿರುತ್ತೆ. ಪೂರ್ತಿ ನಿಲ್ಲೋಕೆ 45 ಮೀಟರ್ ಬೇಕು. ಅಂದರೆ 26 ಮೀಟರ್ ಮುಂದೆ ಒಬ್ಬರು ನಿಂತಿದ್ದರೆ, ಮೊದಲ ಕಾರು ಅವರ ಹತ್ತಿರ ಬಂದು ನಿಲ್ಲುತ್ತೆ. ಎರಡನೆಯದು ಹೆಚ್ಚುಕಡಿಮೆ ಅದೇ 60ರ ವೇಗದಲ್ಲಿ ಗುದ್ದುತ್ತೆ. ವ್ಯತ್ಯಾಸ ಬರೀ 20 ಕಿ.ಮೀ. ಸ್ವೀಡನ್ನಿನ ಗೊರಾನ್ ನಿಲ್ಸನ್ ಕಂಡುಕೊಂಡ ಸಂಬಂಧವೂ ಇದನ್ನೇ ಹೇಳುತ್ತೆ: ರಸ್ತೆಯ ಸರಾಸರಿ ವೇಗ ಶೇ. 5ರಷ್ಟು ಏರಿದರೆ ಸಾವಿನ ಅಪಘಾತಗಳು ಸುಮಾರು ಶೇ. 20ರಷ್ಟು ಏರುತ್ತವೆ.

ವೈವಾದಲ್ಲಿ ಒಬ್ಬರು ಕೇಳಿದ್ರು, "ಜನ ಸರಿಯಾಗಿ ನೋಡಿಕೊಂಡು ದಾಟಿದ್ರೆ ಆಯ್ತಲ್ವಾ? ಡ್ರೈವರ್‌ಗಳು ನಿಧಾನ ಹೋದ್ರೆ ಆಯ್ತಲ್ವಾ?" ನೋಡಿ ದಾಟಬೇಕು, ನಿಧಾನ ಹೋಗಬೇಕು, ಅದರಲ್ಲಿ ವಾದವಿಲ್ಲ. ಆದರೆ ಮನುಷ್ಯರು ಒಮ್ಮೆಯಾದರೂ ಮೈಮರೆಯುತ್ತಾರೆ ಅಂತ ಒಪ್ಪಿಕೊಂಡೇ ಎಂಜಿನಿಯರ್ ವಿನ್ಯಾಸ ಮಾಡಬೇಕು. ಸೇತುವೆ ಕಟ್ಟುವಾಗ ಫ್ಯಾಕ್ಟರ್ ಆಫ್ ಸೇಫ್ಟಿ ಇಡ್ತೀವಿ, ರಸ್ತೆ ದಾಟೋರಿಗೆ ಯಾಕೆ ಇಡಬಾರದು? 1997ರಲ್ಲಿ ಸ್ವೀಡನ್ನಿನ ಸಂಸತ್ತು ಒಪ್ಪಿದ 'ವಿಷನ್ ಝೀರೋ' ನೀತಿಯ ತಿರುಳು ಇದೇ. ನಮ್ಮಲ್ಲಿ ಇದನ್ನ ದಶಕಗಳ ಕಾಲ ಹೇಳಿದವರು ದೆಹಲಿ ಐಐಟಿಯ ಪ್ರೊ. ದಿನೇಶ್ ಮೋಹನ್. ಹೆಲ್ಮೆಟ್ಟಿನಿಂದ ಹಿಡಿದು ಹಳ್ಳಿಯವರ ಕೈ ಕತ್ತರಿಸುತ್ತಿದ್ದ ಮೇವು ಕತ್ತರಿಸೋ ಯಂತ್ರದವರೆಗೆ, ಜನರನ್ನ ಬೈಯೋದಕ್ಕಿಂತ ವಸ್ತುವಿನ ವಿನ್ಯಾಸ ಬದಲಿಸಿ ಅಂದವರು. 2021ರಲ್ಲಿ ಕೋವಿಡ್ ಅವರನ್ನ ಕೊಂಡೊಯ್ಯಿತು.

ಕನ್ನಡ ಸಂಘದ ಪತ್ರಿಕೆಯಾದ್ದರಿಂದ ಒಂದು ಪದದ ಮಾತು. ಇಂಗ್ಲಿಷಿನ 'ಆಕ್ಸಿಡೆಂಟ್'ನಲ್ಲಿ ಆಕಸ್ಮಿಕ ಎಂಬ ಅರ್ಥ ಸೇರಿಕೊಂಡಿದೆ ಅಂತ ಸಂಶೋಧಕರು ಅದನ್ನ ಬಿಟ್ಟು 'ಕ್ರ್ಯಾಶ್' ಅಂತಾರೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಆ ಪದವನ್ನ ತನ್ನ ಪುಟಗಳಿಂದ ಹೊರಗಿಟ್ಟಿತು. ನಮ್ಮ 'ಅಪಘಾತ'ದಲ್ಲಿ ಆ ತೊಂದರೆ ಇಲ್ಲ. ಅಪ ಅಂದರೆ ಕೆಟ್ಟ, ಘಾತ ಅಂದರೆ ಪೆಟ್ಟು. ಕೆಟ್ಟ ಪೆಟ್ಟು ಅಂತ ಅಷ್ಟೇ ಹೇಳುತ್ತೆ, ಹಣೆಬರಹ ಅಂತ ಹೇಳಲ್ಲ. ಹಣೆಬರಹ ಸೇರಿಸೋರು ನಾವು.

ಪ್ರಾಜೆಕ್ಟ್ ಮುಗಿದು ಮಾರ್ಕ್ಸೂ ಬಂತು. ರಸ್ತೆ ಹಾಗೇ ಇದೆ. ನಾವು ಕೇಳಿರೋದು ಮೂರೇ: ಬಸ್ ಸ್ಟಾಪನ್ನ ದಾಟುವ ಜಾಗದಿಂದ ಸ್ವಲ್ಪ ಮುಂದಕ್ಕೆ ಸರಿಸೋದು, ಜೀಬ್ರಾ ಪಟ್ಟೆಯನ್ನ ರಸ್ತೆಮಟ್ಟದಿಂದ ಎತ್ತರಿಸಿ ಕಟ್ಟೋದು, ರಸ್ತೆ ಮಧ್ಯೆ ನಿಲ್ಲೋಕೆ ಒಂದು ಕಟ್ಟೆ. ಮನವಿಯ ಜೊತೆ ವಿಡಿಯೋ, ಲೆಕ್ಕ ಎರಡನ್ನೂ ಸಂಬಂಧಪಟ್ಟ ಕಚೇರಿಗೆ ಕೊಟ್ಟಿದ್ದೀವಿ. "ಅಲ್ಲಿ ಇನ್ನೂ ಯಾರೂ ಸತ್ತಿಲ್ವಲ್ಲ" ಅಂದ್ರು. ಅದಕ್ಕೇ ಬಂದಿದ್ದೀವಿ ಸರ್, ಅಂದ್ವಿ.

ನಾವು ಮುಂದಿನ ಜೂನ್‌ಗೆ ಹೊರಟುಬಿಡ್ತೀವಿ. ಶೀಟು, ವಿಡಿಯೋ, ಅರ್ಜಿಯ ಸ್ವೀಕೃತಿ ಎಲ್ಲ ಟ್ರಾನ್ಸ್‌ಪೋರ್ಟೇಶನ್ ಲ್ಯಾಬಿನ ಕಂಪ್ಯೂಟರಿನಲ್ಲಿವೆ. ಐದನೇ ಸೆಮ್‌ನವರು ಯಾರಾದರೂ ಮುಂದುವರಿಸೋದಾದ್ರೆ ಬಂದು ಮಾತಾಡಿ, ಫ್ರೇಮ್ ಎಣಿಸೋದನ್ನ ಒಂದು ಸಂಜೆಯಲ್ಲಿ ಹೇಳಿಕೊಡ್ತೀವಿ. ಬೇರೆ ಬ್ರಾಂಚಿನವರೂ ಬರಬಹುದು. ಸಿಎಸ್‌ನವರು ಎಣಿಸೋ ಕೆಲಸಕ್ಕೊಂದು ಕೋಡ್ ಬರೆದುಕೊಟ್ಟರೆ ನಮ್ಮ ಕಣ್ಣುಗಳ ಪರವಾಗಿ ಮುಂಗಡ ಥ್ಯಾಂಕ್ಸ್.