ಕ್ಯಾನ್ಸರ್ ಅಲ್ಲ ಎಂದ ಮೇಲೂ

ಮಗಳಿಗೆ ಆಗ 14 ತಿಂಗಳು. ಎಡಗಡೆ ಮೂಗಿನ ಪಕ್ಕ, ಕಣ್ಣಿನ ಕೆಳಗೆ ಕಡಲೆಕಾಳಿನಷ್ಟು ಊತ. ನೋವಿಲ್ಲ, ಜ್ವರವಿಲ್ಲ. ಡೊಂಬಿವಲಿಯ ನಮ್ಮ ಮನೆ ಹತ್ತಿರದ ಡಾಕ್ಟರು ಕಣ್ಣೀರಿನ ನಾಳ ಕಟ್ಟಿಕೊಂಡಿರಬೇಕು ಎಂದು ಡ್ರಾಪ್ಸ್ ಬರೆದುಕೊಟ್ಟರು. ಆ ವಯಸ್ಸಿನಲ್ಲಿ ಹೆಚ್ಚಾಗಿ ಅದೇ ಇರುತ್ತದೆ, ಅವರನ್ನು ದೂರುವಂತಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ, “ಹಲ್ಲು ಬರೋ ಹೊತ್ತು ಕಣೋ” ಅಂದರು. ಆರು ವಾರಗಳಲ್ಲಿ ಕಡಲೆಯಷ್ಟಿದ್ದದ್ದು ಅಡಿಕೆಯಷ್ಟಾಯಿತು. ಮುಟ್ಟಿದರೆ ಗಟ್ಟಿ.

ಸ್ಕ್ಯಾನ್ ಆಗಬೇಕಾದರೆ ಮಗು ಅಲುಗಾಡಬಾರದು, ಅದಕ್ಕೆ ಅರಿವಳಿಕೆ ಬೇಕು, ಅದಕ್ಕೂ ಮೊದಲು ನಾಲ್ಕು ತಾಸು ಎದೆಹಾಲು ಕೊಡುವಂತಿಲ್ಲ. ಅಮ್ಮನ ಕೈಯಲ್ಲಿದ್ದರೆ ಹಾಲು ಕೇಳುತ್ತಾಳೆಂದು ನಾನೇ ಎತ್ತಿಕೊಂಡು ಕಾರಿಡಾರಿನಲ್ಲಿ ಅಡ್ಡಾಡಿದೆ.

ಗೆಡ್ಡೆ ಮೇಲ್ದವಡೆಯ ಸೈನಸ್ಸಿನ ಗೋಡೆಯಲ್ಲಿತ್ತು. “ಚಿತ್ರ ನೋಡಿ ಹೇಳೋಕಾಗಲ್ಲ, ತುಣುಕು ತೆಗೆದು ನೋಡಬೇಕು” ಎಂದರು ಡಾಕ್ಟರು. ರ‍್ಯಾಬ್ಡೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಕೂಡ ಪುಟ್ಟ ಮಕ್ಕಳಿಗೆ ಇದೇ ಜಾಗದಲ್ಲಿ, ಹೀಗೇ ಬರಬಹುದಂತೆ. ಪರೇಲ್‌ನಲ್ಲಿ 1929ರ ವಾಡಿಯಾ ಮಕ್ಕಳ ಆಸ್ಪತ್ರೆಯೂ 1941ರಲ್ಲಿ ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ ಹತ್ತಿರ ಹತ್ತಿರ. ನಾವು ಯಾವ ಗೇಟಿನೊಳಗೆ ಹೋಗಬೇಕೆಂಬುದನ್ನು ಬಯಾಪ್ಸಿ ಹೇಳಬೇಕಿತ್ತು.

ಮಿಕ್ಸೋಮಾ ಎಂದು ರಿಪೋರ್ಟ್ ಬಂತು. ಲೋಳೆಯಂಥ ಪದಾರ್ಥದ ನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ. ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ. ಅಲ್ಲೇ ನಿಂತು ಊರಿಗೆಲ್ಲ ಫೋನ್ ಮಾಡಿದೆ.

ಸರ್ಜನ್ ಕೂರಿಸಿಕೊಂಡು ಹಿಂದಿಯಲ್ಲಿ ವಿವರಿಸಿದರು. ಇದು ದೇಹದ ಬೇರೆ ಕಡೆಗೆ ಹರಡುವುದಿಲ್ಲ, ಆದರೆ ಪಕ್ಕದ ಮೂಳೆಯನ್ನು ತಿನ್ನುತ್ತದೆ. ಸುತ್ತ ಪೊರೆಯಿಲ್ಲ, ಹಾಗಾಗಿ ಅಂಚು ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪ ಉಳಿದರೂ ಮತ್ತೆ ಬೆಳೆಯಬಹುದು. ಹೆಚ್ಚು ತೆಗೆದರೆ, ಮೂಳೆಯೊಳಗೆ ಮುಂದೆ ಬರಬೇಕಾದ ಹಲ್ಲುಗಳ ಮೊಳಕೆಗಳಿವೆ, ಕೆನ್ನೆಯ ಬೆಳವಣಿಗೆಯಿದೆ. ಕ್ಯಾನ್ಸರ್ ಅಲ್ಲ ಅಂದರೆ ಮುಗಿಯಿತು ಅಂತಲ್ಲ ಎಂದು ನನಗೆ ತಿಳಿದದ್ದು ಆಗಲೇ.

ಮೇಲ್ದುಟಿಯ ಒಳಗಿನಿಂದ ಆಪರೇಷನ್ ಮಾಡಿದರು, ಮುಖದ ಮೇಲೆ ಗಾಯದ ಗುರುತಿಲ್ಲ. ಈಗ ಅವಳಿಗೆ ಆರು ವರ್ಷ. ಮೇಲಿನ ಒಂದು ಹಲ್ಲು ಬರಲೇ ಇಲ್ಲ. “ವಾಸಿಯಾಯ್ತಲ್ಲ?” ಎಂದವರಿಗೆ ಹೌದು ಅನ್ನುತ್ತೇನೆ. ಆದರೂ ಮುಖ ತೊಳೆಸುವಾಗ ಹೆಬ್ಬೆರಳು ತಾನಾಗಿ ಆ ಜಾಗ ಸವರುತ್ತದೆ. ನಿಮ್ಮ ಮನೆಯ ಮಗುವಿಗೆ ಒಂದೇ ಕಡೆ ಗಟ್ಟಿ ಊತ ಬಂದು, ಡ್ರಾಪ್ಸಿಗೂ ಇಳಿಯದೆ ಬೆಳೆಯುತ್ತಿದ್ದರೆ ಹಲ್ಲಿನ ಮೇಲೆ ಹಾಕಿ ಕಾಯಬೇಡಿ, ತೋರಿಸಿ.

ಕಳೆದ ತಿಂಗಳು ಎಂಆರ್‌ಐಗೆ ಹೋದಾಗ ಅವಳೇ ಅಂದಳು, “ಈ ಸಲ ಮಲಗಿಸೋ ಔಷಧಿ ಬೇಡ ಅಪ್ಪ, ಸುಮ್ಮನೆ ಮಲಗ್ತೀನಿ.” ಹಾಗೇ ಮಲಗಿದಳು. ಅಲುಗಾಡುತ್ತಿದ್ದವನು ಹೊರಗೆ ಕೂತಿದ್ದ ನಾನು.