ಅಕ್ಕನ ಕ್ಲಾಸಿನ ಬಗ್ಗು

ಮೊದಲು ಒಂದು ತಪ್ಪೊಪ್ಪಿಗೆ.

ನಾನು ಇಂಜಿನಿಯರಿಂಗ್ ಓದುವಾಗ ಅಕ್ಕ ಡಿ.ಎಡ್ ಮಾಡ್ತಿದ್ದಳು. ಅವಳು ‘ಕ್ರಿಯಾ ಸಂಶೋಧನೆ’ ಅಂತ ಒಂದು ವರದಿ ಒಪ್ಪಿಸಬೇಕಿತ್ತು. ಟೈಪ್ ಮಾಡಿಕೊಟ್ಟವನು ನಾನು. ಸಮಸ್ಯೆ, ಪೂರ್ವ ಪರೀಕ್ಷೆ, ಪರಿಹಾರ ಬೋಧನೆ... ಎಲ್ಲಾ ಸೀನಿಯರ್ ಒಬ್ಬಳ ವರದಿಯಿಂದ ಎತ್ತಿದ್ದು. ಅಂಕಗಳು ಮಾತ್ರ ನನ್ನ ಸ್ವಂತ ಸೃಷ್ಟಿ! ಎಕ್ಸೆಲ್ ಮುಂದೆ ಕೂತು ಎಲ್ಲ ಮಕ್ಕಳನ್ನೂ ಜಾಣರನ್ನಾಗಿ ಮಾಡಿದೆ. ಗ್ರಾಫ್ ಚೆಂದ ಬಂತು. ಇಬ್ಬರೂ ನಕ್ಕಿದ್ವಿ.

ಅಕ್ಕ ಈಗ ನಾಲ್ಕನೇ ಕ್ಲಾಸಿಗೆ ಟೀಚರ್. ಹೋದ ತಿಂಗಳು ಊರಿಗೆ ಹೋದಾಗ ರಾತ್ರಿ ಟೆಸ್ಟ್ ಪೇಪರ್ ಹರಡಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ನೋಡೋ ಇಲ್ಲಿ. 52ರಲ್ಲಿ 27 ಕಳೆದ್ರೆ 35 ಅಂತೆ! 22 ಮಕ್ಕಳಲ್ಲಿ 9 ಜನ ಹೀಗೇ ಬರೆದಿದಾರೆ."

"ಕಾಪಿ ಹೊಡೆದಿರ್ತಾರೆ ಬಿಡು."

"ಬೇರೆ ಬೇರೆ ಬೆಂಚಿನವರು ಕಣೋ. 81ರಲ್ಲಿ 36 ಕಳೆದ್ರೆ 55 ಅಂತಾನೂ ಬರೆದಿದಾರೆ."

ಎಲ್ಲರೂ ಒಂದೇ ಥರ ತಪ್ಪಿದ್ರೆ ಅದು ಅಜಾಗ್ರತೆ ಅಲ್ಲ, ಬಗ್ಗು. ಆಮೇಲೆ ಹುಡುಕಿ ನೋಡಿದೆ. ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ ಅನ್ನೋ ಇಬ್ಬರು 1978ರಲ್ಲೇ ಇದರ ಬಗ್ಗೆ ಬರೆದಿದ್ದರು. ಮಕ್ಕಳ ಎಷ್ಟೋ ತಪ್ಪುಗಳ ಹಿಂದೆ ಒಂದು ತಪ್ಪು ನಿಯಮ ಇರುತ್ತೆ, ಅದನ್ನ ಅವರು ನಿಷ್ಠೆಯಿಂದ ಪಾಲಿಸ್ತಾರೆ ಅಂತ. ಅವರ ಪ್ರೋಗ್ರಾಮಿನ ಹೆಸರೇ ‘ಬಗ್ಗಿ’!

ಮರುದಿನ ಅಕ್ಕ ಕೆಂಪು ಪೆನ್ನು ಎತ್ತಿಟ್ಟು ಒಬ್ಬ ಹುಡುಗನನ್ನ ಕೇಳಿದಳಂತೆ, "ಹೇಗೆ ಮಾಡಿದೆ ಪುಟ್ಟಾ?" ಅವನು, "ಎರಡರಲ್ಲಿ ಏಳು ಹೋಗಲ್ಲ ಮಿಸ್. ಅದಕ್ಕೆ ಏಳರಲ್ಲಿ ಎರಡು ಕಳೆದೆ. ಯಾವಾಗ್ಲೂ ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಲ್ಲ?"

ಹೌದು. ಎರಡು ವರ್ಷದ ಹಿಂದೆ ಅದೇ ಮಕ್ಕಳಿಗೆ ಇವಳೇ ಹೇಳಿಕೊಟ್ಟಿದ್ದಳು. ಫೋನಿನಲ್ಲಿ ಇದನ್ನ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಆಮೇಲೆ ಮೂರು ವಾರ ಬೆಂಕಿಕಡ್ಡಿ, ರಬ್ಬರ್ ಬ್ಯಾಂಡ್. ಹತ್ತು ಕಡ್ಡಿಗೆ ಒಂದು ಕಟ್ಟು. ಬಿಡಿ ಸಾಲದಿದ್ರೆ ಒಂದು ಕಟ್ಟು ಬಿಚ್ಚು. ದಿನಾ ಯಾರು ಎಲ್ಲಿ ಎಡವಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಈಗ 9 ಜನರಲ್ಲಿ ಇಬ್ಬರು ಉಳಿದಿದಾರೆ. ಒಬ್ಬಳು ಕಡ್ಡಿ ಕೊಟ್ಟರೆ ಸರಿಯಾಗಿ ಮಾಡ್ತಾಳೆ, ಪೇಪರ್ ಕೊಟ್ಟರೆ ಮತ್ತೆ 35. ನನ್ನ ಗ್ರಾಫಿನಂಥ ನೀಟಾದ ಗೆರೆ ಎಲ್ಲೂ ಇಲ್ಲ.

ಕ್ರಿಯಾ ಸಂಶೋಧನೆ ಅನ್ನೋ ಮಾತನ್ನ ಕರ್ಟ್ ಲೆವಿನ್ 1946ರಲ್ಲಿ ಬಳಸಿದ್ದ. 1953ರಲ್ಲಿ ಸ್ಟೀಫನ್ ಕೋರಿ ಅದರ ಬಗ್ಗೆ ಶಾಲೆಗಳಿಗೆ ಅಂತಲೇ ಪುಸ್ತಕ ಬರೆದ. ನಾನು ಟೈಪ್ ಮಾಡಿದ ವರದಿಯಲ್ಲಿ ಸಮಸ್ಯೆ ಪೂರ್ತಿ ಮಕ್ಕಳದ್ದಾಗಿತ್ತು. ಟೀಚರ್ ತನ್ನ ಪಾಠವನ್ನೇ ಅನುಮಾನಿಸಬೇಕು ಅನ್ನೋದು ಅದರಲ್ಲಿ ಎಲ್ಲೂ ಇರಲಿಲ್ಲ.

"ಆ ಹಳೇ ಫೈಲ್ ಇದ್ಯೇನೋ? ಡಿಲೀಟ್ ಮಾಡು" ಅಂದಳು ಅಕ್ಕ. ಮಾಡಿದೆ. ಹೊಸದನ್ನ ಟೈಪ್ ಮಾಡಿಕೊಡ್ತೀನಿ ಅಂದೆ.

"ಬೇಡಪ್ಪಾ, ನೀನು ಎಲ್ಲರನ್ನೂ ಪಾಸ್ ಮಾಡಿಬಿಡ್ತೀಯ!"