ಇಪ್ಪತ್ತು ನಿಮಿಷ, ಮೂರು ತಿಂಗಳು

ಎಚ್‌ಐವಿ ತಗುಲಿರಬಹುದೆಂಬ ಭಯಕ್ಕೂ ಎಚ್‌ಐವಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ನಿಜವಾಗಿ ಅಪಾಯಕ್ಕೆ ಮೈಯೊಡ್ಡಿದವನು ಗೊರಕೆ ಹೊಡೆಯುತ್ತಿರುತ್ತಾನೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಬ್ಲೇಡು ಸೋಕಿಸಿಕೊಂಡು ಬಂದವನು ರಾತ್ರಿಯೆಲ್ಲ ಮಗ್ಗಲು ಬದಲಿಸುತ್ತಾನೆ. ಬ್ಲೇಡು ಹೊಸದಿತ್ತೋ ಹಳೆಯದೋ? ನನಗಿಂತ ಮುಂಚೆ ಕುರ್ಚಿಯಲ್ಲಿ ಕೂತಿದ್ದವನು ಸ್ವಲ್ಪ ಬಡಕಲಾಗಿರಲಿಲ್ಲವೇ?

ಈ ಕಳವಳ ಇಂದು ನಿನ್ನೆಯದಲ್ಲ. ಭಾರತದ ಮೊದಲ ಎಚ್‌ಐವಿ ಸೋಂಕುಗಳು ಪತ್ತೆಯಾದದ್ದು 1986ರಲ್ಲಿ. ಚೆನ್ನೈನಲ್ಲಿ ಡಾ. ಸುನಿತಿ ಸಾಲೊಮನ್ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ಪರೀಕ್ಷಿಸಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಮರುವರ್ಷವೇ, ಅಂದರೆ 1987ರಲ್ಲಿ, ಅದೇ ವೆಲ್ಲೂರಿನ ವೈದ್ಯರು ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ‘ಏಡ್ಸ್ ಫೋಬಿಯಾ’ದ ಬಗ್ಗೆ ಬರೆದರು. ರೋಗ ದೇಶದೊಳಗೆ ಕಾಲಿಟ್ಟ ಸುದ್ದಿಯ ಬೆನ್ನಿಗೇ ಅದರ ಭಯವೂ ಆಸ್ಪತ್ರೆಯ ಬಾಗಿಲು ಬಡಿದಿತ್ತು.

ಭಯಪಟ್ಟವನ ದಿನಚರಿ ನೋಡಬೇಕು. ಬೆಳಗ್ಗೆ ಕನ್ನಡಿ ಮುಂದೆ ನಾಲಿಗೆ ಚಾಚಿ ಬಿಳಿ ಪದರ ಹುಡುಕುತ್ತಾನೆ. ಆಫೀಸಿನ ಬಾತ್‌ರೂಮಿನಲ್ಲಿ ತೋಳಿನ ಮೇಲೆ ಗುಳ್ಳೆ ಎದ್ದಿದೆಯೇ ಎಂದು ನೋಡಿಕೊಳ್ಳುತ್ತಾನೆ. ಕತ್ತಿನ ಗಂಟನ್ನು ದಿನಕ್ಕೆ ಹತ್ತು ಸಲ ಒತ್ತಿ ನೋಡಿದರೆ ಅದು ನೋಯದೆ ಏನು ಮಾಡೀತು? ನೋವು ಬಂತೆಂದರೆ, ‘ಹೌದು, ಇದು ಅದೇ’. ಜ್ವರ, ಗಂಟಲು ನೋವು, ಮೈಕೈ ನೋವು ಹೊಸ ಸೋಂಕಿನ ಲಕ್ಷಣಗಳು ನಿಜ. ಆದರೆ ಮಳೆಗಾಲದಲ್ಲಿ ಊರಿಗೂರೇ ಅವನ್ನು ಹೊತ್ತು ತಿರುಗುತ್ತದೆ. ಲಕ್ಷಣ ನೋಡಿ ಎಚ್‌ಐವಿ ಇದೆ ಎಂದೋ ಇಲ್ಲ ಎಂದೋ ಹೇಳಲು ಯಾವ ವೈದ್ಯರಿಗೂ ಆಗದು.

ಇನ್ನು ವದಂತಿಗಳು. ಸಿನಿಮಾ ಥಿಯೇಟರಿನ ಸೀಟಿನಲ್ಲಿ ಸೂಜಿ ಸಿಕ್ಕಿಸಿಟ್ಟಿರುತ್ತಾರೆ, ಜೊತೆಗೆ ಎಚ್‌ಐವಿ ತಗುಲಿತೆಂದು ಹೇಳುವ ಚೀಟಿಯೂ ಇರುತ್ತದೆ ಎಂಬ ಕಥೆ ದೇಶದೇಶ ಸುತ್ತಿ ನಮ್ಮ ವಾಟ್ಸ್‌ಆಪ್ ಗುಂಪುಗಳಲ್ಲೂ ಠಿಕಾಣಿ ಹೂಡಿದೆ. ಹಾಗೆ ಇಟ್ಟ ಸೂಜಿಯಿಂದ ಸೋಂಕು ತಗುಲಿದ ಒಂದು ಪ್ರಕರಣವೂ ದಾಖಲಾಗಿಲ್ಲ. ವೈರಸ್ ದೇಹದ ಹೊರಗೆ ಬಹಳ ಹೊತ್ತು ಬಾಳುವುದಿಲ್ಲ. ಸೊಳ್ಳೆಯಿಂದ, ಎಂಜಲಿನಿಂದ, ಕೈ ಕುಲುಕುವುದರಿಂದ ಅದು ಹರಡದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಅಂದಾಜು ಹೀಗಿದೆ: ಸೋಂಕಿತ ಗಂಡಸಿನೊಡನೆ ಕಾಂಡೋಮ್ ಇಲ್ಲದೆ ಒಮ್ಮೆ ಕೂಡಿದ ಹೆಣ್ಣಿಗೆ ಸೋಂಕು ತಗುಲುವ ಸಾಧ್ಯತೆ 10,000ಕ್ಕೆ 8; ಸೋಂಕಿತ ಹೆಣ್ಣಿನಿಂದ ಗಂಡಿಗೆ 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ 138. ಸೋಂಕಿತರಿಗೆ ಚುಚ್ಚಿದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ಚುಚ್ಚಿದರೆ 23. ಸೋಂಕಿತ ರಕ್ತವನ್ನೇ ದೇಹಕ್ಕೆ ಏರಿಸಿದರೆ ಮಾತ್ರ 9,250. ಇವೆಲ್ಲ ಸರಾಸರಿಗಳು, ಬೇರೆ ಲೈಂಗಿಕ ರೋಗವಿದ್ದರೆ ಅಪಾಯ ಏರುತ್ತದೆ. ಎಂಟು ಅಂದರೆ ಸೊನ್ನೆಯಲ್ಲ, ಆ ಎಂಟರಲ್ಲಿ ಒಬ್ಬರಾದವರಿಗೆ ಈ ಲೆಕ್ಕದಿಂದ ಸಮಾಧಾನವೂ ಇಲ್ಲ. ಆದರೆ ಈ ಪಟ್ಟಿಯಲ್ಲಿ ಕ್ಷೌರದಂಗಡಿಗೆ ಜಾಗವೇ ಇಲ್ಲ ಎಂಬುದನ್ನು ಗಮನಿಸಬಹುದು.

ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಕಿಟ್ ಬರುವುದಕ್ಕೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಅಡ್ಡ ಬಂದದ್ದೂ ಭಯವೇ. ಎಚ್‌ಐವಿ ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1985ರಲ್ಲಿ. ಆದರೆ ಒಬ್ಬಂಟಿ ಮನುಷ್ಯ ಇಂಥ ಸುದ್ದಿಯನ್ನು ಮನೆಯಲ್ಲಿ ಕೂತು ತಿಳಿದುಕೊಂಡರೆ ಜೀವಕ್ಕೆ ಏನಾದರೂ ಮಾಡಿಕೊಂಡಾನು ಎಂಬ ವಾದ ವರ್ಷಗಟ್ಟಲೆ ನಡೆಯಿತು. 1996ರಲ್ಲಿ ಬೆರಳಿನ ರಕ್ತವನ್ನು ಕಾಗದಕ್ಕೆ ಹಚ್ಚಿ ಅಂಚೆಯಲ್ಲಿ ಕಳಿಸುವ ಕಿಟ್ಟಿಗೆ ಒಪ್ಪಿಗೆ ದೊರೆಯಿತು. ಫಲಿತಾಂಶವನ್ನೂ ಮನೆಯಲ್ಲೇ ನೋಡುವ ‘ಒರಾಕ್ವಿಕ್’ ಕಿಟ್ಟಿಗೆ ಒಪ್ಪಿಗೆ ಬಂದದ್ದು 2012ರ ಜುಲೈಯಲ್ಲಿ. ಬ್ರಿಟನ್ನಿನಲ್ಲಿ ಇಂಥ ಕಿಟ್ ಮಾರುವುದು 2014ರವರೆಗೂ ಕಾನೂನುಬಾಹಿರವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸ್ವಯಂ ಪರೀಕ್ಷೆಯನ್ನು ಶಿಫಾರಸು ಮಾಡಿದ್ದು 2016ರಲ್ಲಿ.

ಒರಾಕ್ವಿಕ್ ಪೊಟ್ಟಣದೊಳಗೆ ಇರುವುದು ಇಷ್ಟೇ: ತುದಿಯಲ್ಲಿ ಚಪ್ಪಟೆ ಪಟ್ಟಿಯಿರುವ ಒಂದು ಪ್ಲಾಸ್ಟಿಕ್ ಕಡ್ಡಿ, ದ್ರವ ತುಂಬಿದ ಪುಟ್ಟ ನಳಿಕೆ, ಕೈಪಿಡಿ. ಪಟ್ಟಿಯನ್ನು ಮೇಲಿನ ಒಸಡಿನುದ್ದಕ್ಕೆ ಒಂದು ಸಲ, ಕೆಳಗಿನದಕ್ಕೆ ಒಂದು ಸಲ ಸವರಿ ನಳಿಕೆಯಲ್ಲಿ ಅದ್ದಿ ನಿಲ್ಲಿಸಬೇಕು. ಅದಕ್ಕೆ ಹದಿನೈದು ನಿಮಿಷ ಮುಂಚಿನಿಂದ ತಿನ್ನಬಾರದು, ಕುಡಿಯಬಾರದು. ಅರ್ಧ ಗಂಟೆ ಮುಂಚಿನಿಂದ ಹಲ್ಲುಜ್ಜಬಾರದು. ಓದಬೇಕಾದದ್ದು 20 ನಿಮಿಷದ ಮೇಲೆ, 40 ನಿಮಿಷದೊಳಗೆ. ‘ಸಿ’ ಎಂಬಲ್ಲಿ ಗೆರೆ ಮೂಡಿದರೆ ಕಿಟ್ ಕೆಲಸ ಮಾಡಿದೆ ಎಂದರ್ಥ. ಮೂಡದಿದ್ದರೆ ಆ ಪರೀಕ್ಷೆಯೇ ಅಸಿಂಧು. ‘ಟಿ’ ಎಂಬಲ್ಲೂ ಗೆರೆ ಬಂದರೆ, ಎಷ್ಟೇ ಮಸುಕಾಗಿದ್ದರೂ, ಪಾಸಿಟಿವ್ ಎಂದು ಹಿಡಿದು ಮುಂದಿನ ಪರೀಕ್ಷೆಗೆ ಹೋಗಬೇಕು. ಕಳವಳದವನ ಕಣ್ಣಿಗೆ ಇಲ್ಲದ ಗೆರೆಯೂ ಕಾಣುತ್ತದೆ. ಕಸದಬುಟ್ಟಿಗೆ ಹಾಕಿದ ಕಡ್ಡಿಯನ್ನು ಮರುದಿನ ಹೆಕ್ಕಿ ತೆಗೆದು ಟಾರ್ಚ್ ಬಿಟ್ಟು ನೋಡಿದರೆ, ಒಣಗಿದ ಕಲೆ ಕಂಡರೂ ಕಾಣಬಹುದು. ಅದಕ್ಕೆ ಬೆಲೆಯಿಲ್ಲ.

ಈ ಕಡ್ಡಿ ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿಗೆದುರಾಗಿ ದೇಹ ತಯಾರಿಸಿಕೊಂಡ ಪ್ರತಿಕಾಯಗಳನ್ನು. ಅವು ಒಸಡಿನ ದ್ರವದಲ್ಲೂ ಇರುತ್ತವೆ.

ನಂಬಿಕೆಯ ಲೆಕ್ಕ ಈಗ. ತರಬೇತಿಯಿಲ್ಲದ ಜನರ ಕೈಗೇ ಕಿಟ್ ಕೊಟ್ಟು ನೋಡಿದಾಗ, ಸೋಂಕಿದ್ದವರಲ್ಲಿ ಶೇ. 92ರಷ್ಟು ಮಂದಿಯನ್ನು ಅದು ಹಿಡಿಯಿತು, ಸೋಂಕಿಲ್ಲದವರಲ್ಲಿ ಶೇ. 99.98ರಷ್ಟು ಮಂದಿಗೆ ಇಲ್ಲವೆಂದೇ ಹೇಳಿತು. ಕಳವಳದವನು ಇದನ್ನು ಓದುವ ರೀತಿ ಬೇರೆ. ಹನ್ನೆರಡರಲ್ಲಿ ಒಂದು ತಪ್ಪುತ್ತದಂತೆ, ಹಾಗಾದರೆ ನನ್ನ ನೆಗೆಟಿವ್ ಹನ್ನೆರಡಕ್ಕೆ ಒಂದು ಸುಳ್ಳು! ಇಲ್ಲೇ ಎಡವಟ್ಟಾಗುವುದು. ತಪ್ಪುವುದು ಸೋಂಕಿರುವ ಹನ್ನೆರಡು ಮಂದಿಯಲ್ಲಿ ಒಬ್ಬರಿಗೆ, ಪರೀಕ್ಷಿಸಿಕೊಂಡ ಹನ್ನೆರಡು ಮಂದಿಯಲ್ಲಲ್ಲ. ಭಾರತದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು ಶೇ. 0.2. ಹಾಗೇ ಆರಿಸಿದ 10,000 ಮಂದಿ ಈ ಕಿಟ್ ಬಳಸಿದರೆ, ಸೋಂಕಿರುವ 20 ಮಂದಿಯಲ್ಲಿ 18 ಮಂದಿ ಸಿಗುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ನೆಗೆಟಿವ್ ಬಂದ ಸುಮಾರು 9,980 ಮಂದಿಯಲ್ಲಿ ತಪ್ಪು ಉತ್ತರ ಪಡೆದವರು ಆ ಇಬ್ಬರೇ. ಸೋಂಕಿಲ್ಲದ ಇನ್ನಿಬ್ಬರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಪಾಸಿಟಿವ್ ಎಂದರೂ ಅಲ್ಲಿಗೇ ಮುಗಿಯಲಿಲ್ಲ ಎನ್ನುವುದು ಅದಕ್ಕೇ. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಲಕ್ಷಣವಿಲ್ಲದ ವ್ಯಕ್ತಿಗೆ ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳಲ್ಲೂ ಪಾಸಿಟಿವ್ ಬಂದರೆ ಮಾತ್ರ ಸೋಂಕಿದೆ ಎನ್ನುತ್ತಾರೆ.

ಕಿಟ್ ನಿಜವಾಗಿ ಕೈಕೊಡುವುದು ಬೇರೆ ಕಡೆ, ತಾರೀಖಿನಲ್ಲಿ. ಪ್ರತಿಕಾಯಗಳು ಅಳೆಯುವಷ್ಟು ಬೆಳೆಯಲು 23ರಿಂದ 90 ದಿನ ಬೇಕು. ಇದನ್ನೇ ಗವಾಕ್ಷಿ ಅವಧಿ ಎನ್ನುವುದು. ಹಾಗಾಗಿ ಒಸಡಿನ ಕಿಟ್ ಇವತ್ತು ಖಚಿತವಾಗಿ ಹೇಳುವುದು ಮೂರು ತಿಂಗಳ ಹಿಂದಿನ ಸಂಗತಿಯನ್ನು, ಹೋದ ಶನಿವಾರದ್ದನ್ನಲ್ಲ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ವೈರಸ್ಸಿನ ಪಿ24 ಎಂಬ ಅಂಶವನ್ನೂ ಹುಡುಕುವುದರಿಂದ 18ರಿಂದ 45 ದಿನಕ್ಕೇ ಹೇಳಬಲ್ಲದು. ಶನಿವಾರ ಏನೋ ನಡೆದು ಮಂಗಳವಾರ ಕಿಟ್ ತರಿಸಿದವನು ದುಡ್ಡು ಕೊಟ್ಟು ಕೊಂಡದ್ದು ಒಂದು ರಾತ್ರಿಯ ನಿದ್ದೆ ಮಾತ್ರ. ಅದಕ್ಕಿಂತ ಕೆಟ್ಟದ್ದೆಂದರೆ ಆ ಧೈರ್ಯದ ಮೇಲೆ ಸಂಗಾತಿಯ ಬಳಿ ಕಾಂಡೋಮ್ ಬಿಡುವುದು. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ನುಂಗುತ್ತಿರುವವರೂ ಈ ಕಿಟ್ ನಂಬಬಾರದು. ಸೋಂಕಿದ್ದರೂ ನೆಗೆಟಿವ್ ತೋರಿಸೀತು.

ಇನ್ನೊಂದು ಬಗೆಯವರಿದ್ದಾರೆ. ಮೂರು ತಿಂಗಳಾಗಿ ನೆಗೆಟಿವ್ ಬಂದಿದೆ. ಆರನೇ ತಿಂಗಳಲ್ಲಿ ಮತ್ತೊಂದು ಕಿಟ್, ಬೇರೆ ಕಂಪನಿಯದು. ವರ್ಷವಾದ ಮೇಲೆ ಇನ್ನೊಂದು ಲ್ಯಾಬು, ಈ ಸಲ ಸುಳ್ಳು ಹೆಸರಿನಲ್ಲಿ. ಇವರಿಗೆ ಬೇಕಿರುವುದು ಇನ್ನಷ್ಟು ಕರಾರುವಾಕ್ಕಾದ ಪರೀಕ್ಷೆಯಲ್ಲ, ಮನೋವೈದ್ಯರು. ಬಹಳ ಸಲ ಒಳಗೆ ಕೊರೆಯುತ್ತಿರುವುದು ವೈರಸ್ ಅಲ್ಲ, ಹೆಂಡತಿಗೋ ಗಂಡನಿಗೋ ಹೇಳಲಾಗದ ಒಂದು ಸಂಜೆ. ಅದನ್ನು ಪತ್ತೆ ಮಾಡುವ ಕಿಟ್ ಬಂದಿಲ್ಲ.

ಆ ಶನಿವಾರ ನಿಜಕ್ಕೂ ಅಪಾಯದ್ದಾಗಿದ್ದರೆ ಮಾಡಬೇಕಾದದ್ದು ಕಿಟ್‌ಗಾಗಿ ಕಾಯುವುದಲ್ಲ. 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ವೈದ್ಯರ ಬಳಿ ಹೋದರೆ ಸೋಂಕು ನೆಲೆಯೂರದಂತೆ 28 ದಿನದ ಮಾತ್ರೆ ಕೊಡುತ್ತಾರೆ. ಆ ಗಡುವು ದಾಟಿದ್ದರೆ ಜಿಲ್ಲಾ ಆಸ್ಪತ್ರೆಯ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಇದ್ದೇ ಇದೆ. ಅಲ್ಲಿ ಪರೀಕ್ಷೆ ಉಚಿತ, ಮುಂಚೆ ಮತ್ತು ಆಮೇಲೆ ಆಪ್ತಸಮಾಲೋಚಕರು ಕೂತು ಮಾತಾಡುತ್ತಾರೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದ್ದು, ಗುಟ್ಟು ಕಾಯುವುದು ಅವರ ಕರ್ತವ್ಯ. ಕೇಂದ್ರ ಎಲ್ಲಿದೆ ಎಂದು ಯಾರನ್ನೂ ಕೇಳಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಬಹುದು; ಕರೆಗೆ ಶುಲ್ಕವಿಲ್ಲ.